ಶ್ರೀಕಾಂತ ಯಾವಾಗ ಬರ್ತಾನೆ?

ಪ್ರತಿ ಭಾನುವಾರ ಸಂಜೆ ಮಂಡ್ಯದಿಂದ ಅಪ್ಪನ ಫೋನ್ ಬರುತ್ತದೆ. ಮಳೆ, ಮೊಣಕಾಲು ನೋವು, ನಾಲೆಗೆ ನೀರು ಬಿಟ್ಟರೋ ಇಲ್ಲವೋ ಎಂಬ ವರದಿಯೆಲ್ಲ ಮುಗಿದ ಮೇಲೆ ನಾಲ್ಕು ವರ್ಷಗಳ ಕಾಲ ಒಂದು ಪ್ರಶ್ನೆ ಖಾಯಂ ಆಗಿತ್ತು: "ಶ್ರೀಕಾಂತ ಯಾವಾಗ್ ಬತ್ತಾನಂತೆ?"

ಶ್ರೀಕಾಂತ ನಮ್ಮ ನೆಂಟನಲ್ಲ. 'ದಿ ಫ್ಯಾಮಿಲಿ ಮ್ಯಾನ್' ಸರಣಿಯಲ್ಲಿ ಮನೋಜ್ ಬಾಜಪೇಯಿ ಮಾಡಿದ ಶ್ರೀಕಾಂತ್ ತಿವಾರಿ ಪಾತ್ರ. ಹೊರಗಿನವರಿಗೆ ಸಾಧಾರಣ ಸರ್ಕಾರಿ ನೌಕರ, ಒಳಗೆ ಭಯೋತ್ಪಾದಕರ ಬೆನ್ನು ಹತ್ತುವ ಗೂಢಚಾರ. ದೇಶ ಕಾಯುತ್ತಾನೆ, ಮನೆಯಲ್ಲಿ ಮಾತ್ರ ಹೆಂಡತಿ ಮಕ್ಕಳಿಗೆ ಸುಳ್ಳು ಹೇಳಿ ಸಿಕ್ಕಿಬೀಳುತ್ತಾನೆ.

ಮೊದಲ ಸೀಸನ್ 2019ರ ಸೆಪ್ಟೆಂಬರ್‌ನಲ್ಲಿ ಬಂತು. ಚೆನ್ನೈನ ಬಾಡಿಗೆ ಮನೆಯಲ್ಲಿ ನಾವು ಮೂವರು ಗೆಳೆಯರು ಹತ್ತು ಕಂತುಗಳನ್ನು ಎರಡೇ ರಾತ್ರಿಯಲ್ಲಿ ನೋಡಿ ಮುಗಿಸಿದೆವು. ದೆಹಲಿಗೆ ವಿಷಾನಿಲದ ಅಪಾಯ ಎದುರಾಗಿರುವಾಗಲೇ ಕಥೆ ನಿಂತುಬಿಟ್ಟಿತ್ತು. ಎರಡನೆಯದು 2021ರ ಫೆಬ್ರವರಿ 12ಕ್ಕೆ ಎಂದರು, ಬೇಸಿಗೆಗೆ ಮುಂದೂಡಿದರು. ಕೊನೆಗೆ ಬಂದದ್ದು ಜೂನ್ 4ಕ್ಕೆ. ಅಷ್ಟರಲ್ಲಿ ಗೆಳೆಯರು ತಮ್ಮ ತಮ್ಮ ಊರು ಸೇರಿದ್ದರು. ಕೊರೊನಾ ಎರಡನೇ ಅಲೆಯ ಲಾಕ್‌ಡೌನ್‌ನಲ್ಲಿ ನಾನೂ ಮಂಡ್ಯದ ಮನೆಯ ಮಹಡಿಯಿಂದ ಕೆಲಸ ಮಾಡುತ್ತಿದ್ದೆ.

ಹಾಗಾಗಿ ಎರಡನೇ ಸೀಸನ್‌ಗೆ ನನ್ನ ಜೊತೆಗಾರ ಅಪ್ಪ. ಬ್ಯಾಂಕ್ ನೌಕರಿಯಲ್ಲಿದ್ದಾಗ ಆರು ವರ್ಷ ಸೊಲ್ಲಾಪುರದಲ್ಲಿದ್ದವರು, ಹಿಂದಿ ಚೆನ್ನಾಗಿ ಬರುತ್ತದೆ. ಈ ಸಲ ಕಥೆ ಚೆನ್ನೈಗೆ ಬಂದಿತ್ತು. ಸಮಂತಾ ಮಾಡಿದ ರಾಜಿಯ ಪಾತ್ರ ತಮಿಳು ಮಾತಾಡುವಾಗ ನಾನು ಅಪ್ಪನಿಗೆ ಹೇಳುತ್ತಿದ್ದೆ, ನನಗೆ ತಿಳಿಯದ ಹಿಂದಿ ಬೈಗುಳಗಳನ್ನು ಅಪ್ಪ ಬಿಡಿಸಿ ಹೇಳುತ್ತಿದ್ದರು. ಇಬ್ಬರ ವಲಸೆಯೂ ಒಂದೇ ಸೋಫಾದ ಮೇಲೆ ಉಪಯೋಗಕ್ಕೆ ಬಂತು.

ಆ ಸೀಸನ್‌ನ ಶುರುವಿನಲ್ಲಿ ಶ್ರೀಕಾಂತ ಗೂಢಚಾರಿಕೆ ಬಿಟ್ಟು ಐಟಿ ಕಂಪನಿ ಸೇರುತ್ತಾನೆ. ಅಲ್ಲಿ ಮಗನ ವಯಸ್ಸಿನ ಬಾಸ್ 'ಮಿನಿಮಮ್ ಗೈ ಆಗಬೇಡ' ಎಂದು ಪಾಠ ಹೇಳುತ್ತಾನೆ. ಅಪ್ಪ ಟೀವಿಯಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. "ನಿಮ್ಮಲ್ಲೂ ಹಿಂಗೇನಾ?"

ಎಂಟೆಕ್ ಮುಗಿಸಿ ಕೆಲಸಕ್ಕೆ ಸೇರಿ ಎಷ್ಟೋ ವರ್ಷವಾಗಿದ್ದರೂ ನನ್ನ ಆಫೀಸಿನ ಬಗ್ಗೆ ಅಪ್ಪ ಕೇಳಿದ ಮೊದಲ ಪ್ರಶ್ನೆ ಅದು. ಅವತ್ತು ರಾತ್ರಿ ಹನ್ನೆರಡರವರೆಗೂ ಮಾತಾಡಿದೆವು. ಡೆಡ್‌ಲೈನ್, ಅಪ್ರೈಸಲ್, ನಡುರಾತ್ರಿಯ ಕಾಲ್‌ಗಳು, ಎಲ್ಲ ಹೇಳಿದೆ. ಸೊಲ್ಲಾಪುರದಲ್ಲಿ ಒಬ್ಬರೇ ಇದ್ದ ದಿನಗಳನ್ನು ಅವರೂ ಮೊದಲ ಸಲ ಹೇಳಿದರು. ಒಂಬತ್ತು ಕಂತು ಮುಗಿದಾಗ "ಮೂರನೇದೂ ಒಟ್ಟಿಗೇ ನೋಡಣ" ಎಂದರು. ಆಗಲಿ ಎಂದೆ.

ಆಮೇಲೆ ಶುರುವಾಯಿತು ಕಾಯುವಿಕೆ. ಈಶಾನ್ಯ ರಾಜ್ಯಗಳ ಸುಳಿವು ಕೊಟ್ಟು ನಿಂತಿದ್ದ ಕಥೆಗೆ ಅಭಿಮಾನಿಗಳು ತಾವೇ ಮುಂದಿನ ಭಾಗ ಬರೆದರು. ಲೋನಾವಳದಲ್ಲಿ ಏನಾಯಿತು ಎಂಬ ಪ್ರಶ್ನೆಯಂತೂ ಹಳಸಲೇ ಇಲ್ಲ. ನಿರ್ದೇಶಕರಾದ ರಾಜ್ ಮತ್ತು ಡಿಕೆ ನಡುವೆ 'ಫರ್ಜಿ' ಮಾಡಿದರು, 'ಗನ್ಸ್ ಅಂಡ್ ಗುಲಾಬ್ಸ್' ಮಾಡಿದರು. 'ಫರ್ಜಿ'ಯಲ್ಲಿ ವಿಜಯ್ ಸೇತುಪತಿಯ ಪಾತ್ರ ತಿವಾರಿಗೆ ಫೋನ್ ಮಾಡಿದ್ದಕ್ಕೇ ನಮಗೆ ಹಬ್ಬ. ಸಾಫ್ಟ್‌ವೇರ್ ಕೆಲಸದವನಾದ ನನಗೆ 'ಶೀಘ್ರದಲ್ಲಿ' ಎಂಬ ಮಾತಿನ ಅರ್ಥ ಗೊತ್ತು. ನಮ್ಮ ಗ್ರಾಹಕರಿಗೆ ನಾವೂ ಅದನ್ನೇ ಹೇಳುತ್ತೇವೆ.

ಅಪ್ಪನಿಗೂ ಅದನ್ನೇ ಹೇಳುತ್ತಿದ್ದೆ, ಊರಿಗೆ ಬರುವ ವಿಷಯದಲ್ಲಿ. ದಸರಾಕ್ಕೆ ಎಂದವನು ದೀಪಾವಳಿಗೆ, ಆಮೇಲೆ ಸಂಕ್ರಾಂತಿಗೆ. ಬಂದರೂ ಎರಡು ದಿನ, ಅದರಲ್ಲಿ ಒಂದು ದಿನ ಲ್ಯಾಪ್‌ಟಾಪ್ ಮುಂದೆ.

2025ರ ನವೆಂಬರ್ 21, ಶುಕ್ರವಾರ. ಹೆಚ್ಚು ಕಡಿಮೆ ನಾಲ್ಕೂವರೆ ವರ್ಷದ ಬಳಿಕ ಶ್ರೀಕಾಂತ ಬಂದ. ಅದೇ ವಾರ ನಮ್ಮ ಪ್ರಾಜೆಕ್ಟಿನ ರಿಲೀಸ್ ಇದ್ದದ್ದರಿಂದ ನಾನು ಹೋಗಲಿಲ್ಲ. ನೀವು ನೋಡಿಬಿಡಿ ಎಂದೆ. "ನೋಡ್ತೀನಿ ಬಿಡು" ಎಂದರು. ಆಫೀಸಿನಲ್ಲಿ ಎಲ್ಲರೂ ಅದರ ಮಾತೇ ಆಡುತ್ತಿದ್ದರು. ನಾನು ಕಿವಿ ಮುಚ್ಚಿಕೊಂಡು ಓಡಾಡಿದೆ.

ಡಿಸೆಂಬರ್ ನಡುವಿನಲ್ಲಿ ಕಾವೇರಿ ಎಕ್ಸ್‌ಪ್ರೆಸ್ ಇಳಿದು ಮನೆಗೆ ಹೋದರೆ ಅಪ್ಪ ಒಂದು ಕಂತೂ ನೋಡಿರಲಿಲ್ಲ. ಪಕ್ಕದ ಮನೆ ಹುಡುಗ ಎರಡು ಸಲ ಹಾಕಿಕೊಡಲು ಬಂದಿದ್ದನಂತೆ, ಬೇಡ ಎಂದು ಕಳಿಸಿದ್ದರಂತೆ ಎಂದು ಅಮ್ಮ ಹೇಳಿದಳು.

ಏಳು ಕಂತಿಗೆ ಮೂರು ರಾತ್ರಿ ಹಿಡಿಯಿತು. ಈಗ ಅಪ್ಪ ಹತ್ತು ಗಂಟೆಗೆಲ್ಲ ತೂಕಡಿಸುತ್ತಾರೆ. ಸಬ್‌ಟೈಟಲ್ ಕಾಣುವುದಿಲ್ಲ ಎಂದು ಕುರ್ಚಿಯನ್ನು ಟೀವಿಯ ಹತ್ತಿರಕ್ಕೆ ಎಳೆದುಕೊಂಡರು. 2021ರಲ್ಲಿ ಹಾಗೆ ಮಾಡಿರಲಿಲ್ಲ. ಶ್ರೀಕಾಂತನ ತಲೆ ನರೆತದ್ದನ್ನು ನೋಡುತ್ತಿದ್ದವನು ಕುರ್ಚಿಯಲ್ಲಿ ಕೂತಿದ್ದವರನ್ನು ಆಗ ನೋಡಿದೆ.

ಈ ಸಲವೂ ಕಥೆಯನ್ನು ನಡುನೀರಿನಲ್ಲೇ ಬಿಟ್ಟಿದ್ದಾರೆ. "ಮುಂದಿಂದು ಯಾವಾಗಂತೆ?" ಎಂದು ಅಪ್ಪ ಕೇಳಿದರು. ಶೀಘ್ರದಲ್ಲಿ ಎನ್ನಲು ಬಾಯಿ ಬರಲಿಲ್ಲ. ಇನ್ನೊಂದು ನಾಲ್ಕೂವರೆ ವರ್ಷ ಎಂದು ಲೆಕ್ಕ ಹಾಕಲೂ ಮನಸ್ಸಾಗಲಿಲ್ಲ.

ನಾಲ್ಕನೆಯದು ಬರುವಾಗ ಬರಲಿ. ಸದ್ಯ ಯುಗಾದಿಗೆ ಒಂದು ವಾರ ರಜೆ ಹಾಕಿ ಟಿಕೆಟ್ ಬುಕ್ ಮಾಡಿದ್ದೇನೆ. ಲ್ಯಾಪ್‌ಟಾಪ್ ಚೆನ್ನೈನಲ್ಲೇ ಇರುತ್ತದೆ. ಟಿಕೆಟ್ ಮಾತ್ರ ಇನ್ನೂ ವೇಟಿಂಗ್ ಲಿಸ್ಟ್ 14.