ಬಿದರಿಯ ಬೆಳ್ಳಿಗೆರೆಯೂ ಕ್ಯಾಮರಾದ ಮಸೂರವೂ

ನಮ್ಮಲ್ಲಿ ಕಲಿತು ಹೋದ ಸಹೋದರಿಯರು ಕೆಲವರು ಬಿದರಿ ಪಾತ್ರೆಗಳ ಚಿತ್ರಗಳನ್ನು ತೆಗೆದು ದೂರದ ಗಿರಾಕಿಗಳಿಗೆ ಕಳುಹಿಸುವದುಂಟು. ಚಿತ್ರದಲ್ಲಿ ಬೆಳ್ಳಿಯ ಅಂಚು ನೇರಳೆಯಾಗಿ ಕಂಡರೆ ಗಿರಾಕಿಯು ಬೆಳ್ಳಿಯನ್ನೇ ಶಂಕಿಸುವನು. ಕಸುಬಿನವರ ದುಡಿಮೆಗೆ ಅಪವಾದ ಬರುವದು. ಆದುದರಿಂದಲೇ, “ಅಪೋ ಎಂದು ಬರೆದಿರುವ ಮಸೂರಕ್ಕೆ ಹೆಚ್ಚು ಹಣ ಕೊಡಬಹುದೇ?” ಎಂದು ಅವರು ನಮ್ಮನ್ನು ಕೇಳುತ್ತಾರೆ. ಆ ಎರಡಕ್ಷರಕ್ಕೇ ಒಮ್ಮೆ ಹಣ ತೆತ್ತು ಪಶ್ಚಾತ್ತಾಪಪಟ್ಟವರು ನಾವು.

ಗಾಜು ಎಲ್ಲ ಬಣ್ಣಗಳ ಬೆಳಕನ್ನು ಸಮನಾಗಿ ಬಾಗಿಸುವದಿಲ್ಲ. ಕೆಂಪಿಗಿಂತ ನೀಲಿಯು ಹೆಚ್ಚು ಬಾಗಿ, ಮಸೂರಕ್ಕೆ ಹತ್ತಿರದಲ್ಲಿಯೇ ಕೂಡುವದು. ಎರಡು ಜಾತಿಯ ಗಾಜುಗಳನ್ನು ಜೋಡಿಸಿ ಎರಡು ಬಣ್ಣಗಳನ್ನು ಒಂದೆಡೆ ಕೂಡಿಸುವ ಉಪಾಯಕ್ಕೆ ಲಂಡನ್ನಿನ ಜಾನ್ ಡಾಲಂಡರು 1758ರಲ್ಲಿ ಪೇಟೆಂಟು ಪಡೆದರು. ಮೂರು ಬಣ್ಣಗಳನ್ನು ಕೂಡಿಸತಕ್ಕ ಅಪೋಕ್ರೋಮ್ಯಾಟ್ ಮಸೂರಗಳು ಜರ್ಮನಿಯ ಯೇನಾ ಪಟ್ಟಣದ ಎರ್ನ್ಸ್ಟ್ ಅಬ್ಬೆಯವರಿಂದ 1886ರಲ್ಲಿ ಸೂಕ್ಷ್ಮದರ್ಶಕಗಳಿಗಾಗಿ ಸಿದ್ಧವಾದವು. ಕ್ಯಾಮರಾಗಳಿಗಾದರೋ ಈ ಹೆಸರನ್ನು ಒಂದೊಂದು ಕಾರಖಾನೆಯು ತನ್ನ ತನ್ನ ಅಳತೆಯಂತೆ ಇಡುವದು. ಆದಕಾರಣ ಕಣ್ಣಿನಿಂದಲೇ ಪರೀಕ್ಷಿಸತಕ್ಕದ್ದು.

ಇದಕ್ಕೆ ಬೀದರಿನವರು ದೂರ ಹೋಗಬೇಕಾಗಿಲ್ಲ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯನ್ನು ಕೂರಿಸಿ, ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕದಡಿದ ನೀರಿನಲ್ಲಿ ಕಪ್ಪೇರಿಸಿದ ಬಿದರಿ ತಟ್ಟೆಯೇ ಸಾಕು. ಕಡುಗಪ್ಪಿನ ಪಕ್ಕದಲ್ಲಿಯೇ ಬಿಳುಪು ಇರುವದರಿಂದ ಮಸೂರದ ದೋಷವು ಅಡಗಲಾರದು. (ಚಿತ್ರ ತೆಗೆಯುವವಳು ಕೆಂಪು ಸೀರೆ ಉಟ್ಟಿರಬಾರದು, ಬೆಳ್ಳಿಯು ಅದನ್ನೂ ತೋರಿಸುವದು!)

ತಟ್ಟೆಯನ್ನು ಕಿಟಕಿಯ ಬೆಳಕಿನಲ್ಲಿ ಓರೆಯಾಗಿಟ್ಟು, ಕ್ಯಾಮರಾವನ್ನು ಅಲುಗದಂತೆ ನಿಲ್ಲಿಸಿ, ಮಸೂರದ ರಂಧ್ರವನ್ನು ಪೂರ್ಣವಾಗಿ ತೆರೆದು, ನಡುವಣ ಗೆರೆಗೆ ದೃಷ್ಟಿ ಕೂಡಿಸಬೇಕು. ಬಂದ ಚಿತ್ರವನ್ನು ಹಿಗ್ಗಿಸಿ ನೋಡಿದರೆ, ಸಾಧಾರಣ ಮಸೂರದಲ್ಲಿ ಮುಂದಣ ಮಸುಕು ಗೆರೆಗಳಿಗೆ ಕೆನ್ನೇರಳೆಯೂ ಹಿಂದಣವುಗಳಿಗೆ ಹಸುರೂ ಅಂಟಿರುವದು. ಉತ್ತಮವಾದುದರಲ್ಲಿ ಮಸುಕೂ ಬೆಳ್ಳಗೇ ಇರುವದು. ರಂಧ್ರವನ್ನು ಕಿರಿದುಮಾಡಿದರೆ ಈ ದೋಷವು ತಗ್ಗುವದು. ಆದರೆ ತೆರೆದ ರಂಧ್ರಕ್ಕಾಗಿಯೇ ಅಲ್ಲವೇ ಹೆಚ್ಚು ಬೆಲೆ ಕೊಡುವದು?

ಬಳಿಕ ತಟ್ಟೆಯನ್ನು ನೇರವಾಗಿ ನಿಲ್ಲಿಸಿ, ಚಿತ್ರದ ನಾಲ್ಕು ಮೂಲೆಗಳಲ್ಲಿಯೂ ಒಂದೊಂದು ಸಲ ಬರುವಂತೆ ತೆಗೆಯಬೇಕು. ಮೂಲೆಗಳಲ್ಲಿ ಮಾತ್ರ ಕಾಣುವ ಬಣ್ಣದಂಚು ಬೇರೊಂದು ದೋಷ. ಅದು ರಂಧ್ರ ಕಿರಿದಾದರೂ ಹೋಗದು, ಆದರೆ ಗಣಕಯಂತ್ರದಲ್ಲಿ ಸುಲಭವಾಗಿ ತಿದ್ದಬಹುದು. ಒಂದೇ ಮೂಲೆ ಮಸುಕಾಗಿದ್ದರೆ ಒಳಗಿನ ಗಾಜು ಓರೆಯಾಗಿ ಕೂತಿದೆಯೆಂದು ಸಂಶಯಪಡಬೇಕು. ಅಂಥದನ್ನು ಅಪೋ ಎಂಬ ಹೆಸರು ರಕ್ಷಿಸಲಾರದು.

ಬಿದರಿ ದೊರೆಯದ ಭಾಲ್ಕಿಯವರಿಗೆ ಆಕಾಶದ ಎದುರಿನ ಕೋಟೆಗೋಡೆಯೂ, ಔರಾದಿನವರಿಗೆ ಹೊಲದಂಚಿನ ಜಾಲಿಯ ಒಣಕೊಂಬೆಯೂ ಆದೀತು. ಬೆಳಕು ಅತಿಯಾದರೆ ಬೇರೆ ಕಾರಣಗಳಿಂದಲೂ ನೇರಳೆ ಬರುವದು. ಬೆಳಕನ್ನು ತಗ್ಗಿಸಿ ಮತ್ತೊಮ್ಮೆ ತೆಗೆದು ನೋಡತಕ್ಕದ್ದು. ಇಷ್ಟನ್ನೂ, ಅಂಗಡಿಯವನು ಮಸೂರವನ್ನು ಹಿಂದಕ್ಕೆ ತೆಗೆದುಕೊಳ್ಳುವ ಅವಧಿಯೊಳಗೇ ಮಾಡಿ ಮುಗಿಸಬೇಕು. ನಾವು ಒಂದು ವಾರ ತಡಮಾಡಿದೆವು.