ಬೇಯಿಸದೆ ಒಣಗಿಸುವ ಕುಕ್ಕರು

ರಾತ್ರಿ ಎರಡು ಗಂಟೆಗೆ ಊಟದ ಮೇಜು ‘ಟಪ್’ ಎಂದಿತು. ಜನವರಿ ತಿಂಗಳು, ಬೆಂಗಳೂರಿನ ಒಣ ಚಳಿ. ಬೆಳಿಗ್ಗೆ ನೋಡಿದರೆ ಮೇಜಿನ ಒಂದು ತುದಿಯಿಂದ ನಡುವಿನವರೆಗೆ ಉದ್ದಕ್ಕೆ ಸೀಳು. ಕೊಂಡು ಐದು ತಿಂಗಳೂ ತುಂಬಿರಲಿಲ್ಲ. ಅಂಗಡಿಯವರು ಬಿಸಿ ಪಾತ್ರೆ ಇಟ್ಟಿರುತ್ತೀರಿ, ಬಿಸಿಲು ಬೀಳುತ್ತಿರಬೇಕು ಎಂದೆಲ್ಲ ತಪ್ಪನ್ನು ನಮ್ಮ ತಲೆಗೇ ಕಟ್ಟಿದರು. ನಮ್ಮ ಬೀದಿಯ ಆಚಾರ್ರು ಮಾತ್ರ ಬಗ್ಗಿ, ಸೀಳಿನೊಳಗೆ ಉಗುರು ಆಡಿಸಿ, “ಹಸಿ ಮರ ಸಾರ್. ಈಗ ಒಣಗ್ತಾ ಇದೆ” ಎಂದರು. ಸಾಮಿಲ್ಲಿನಲ್ಲಿ ಮುಗಿಯಬೇಕಿದ್ದ ಕೆಲಸವನ್ನು ಮರ ನಮ್ಮ ಮನೆಗೆ ಬಂದು ಮುಗಿಸುತ್ತಿತ್ತು.

ಆ ಕೆಲಸಕ್ಕೆ ಸೀಸನಿಂಗ್ ಎಂದು ಹೆಸರು. ಹದ ಬರಿಸುವುದು ಎಂದರೂ ಸರಿಯೇ. ಹಳೆಯ ದಾರಿ ಎಲ್ಲರಿಗೂ ಗೊತ್ತಿರುವಂಥದ್ದು: ದಿಮ್ಮಿಯನ್ನು ಹಲಗೆ ಸೀಳಿ, ಹಲಗೆ ಹಲಗೆಯ ನಡುವೆ ತೆಳ್ಳನೆಯ ಪಟ್ಟಿ ಕೊಟ್ಟು, ನೆರಳಿನಲ್ಲಿ ಒಟ್ಟಿ, ಗಾಳಿಗೆ ಬಿಡುವುದು. ಮಲೆನಾಡಿನ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಹಲಸಿನ ಹಲಗೆಗಳು ಹೊಗೆ ಕುಡಿಯುತ್ತ ಮಲಗಿರುತ್ತಿದ್ದವು. ಮಗಳ ಮದುವೆಗೆ ಮಂಚ ಬೇಕು ಎಂದಾಗ ಇಳಿಸುತ್ತಿದ್ದರು. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಬಡಗಿಗಳ ಹಳೆಯ ಲೆಕ್ಕ. ಎರಡು ಇಂಚಿನ ತೇಗಕ್ಕೆ ಎರಡು ವರ್ಷ ಕಾಯುವ ಗಿರಾಕಿ ಈಗ ಎಲ್ಲಿದ್ದಾನೆ?

ಅಷ್ಟು ಕಾಲ ಯಾಕೆ ಬೇಕು ಎಂದರೆ, ಮರದೊಳಗೆ ನೀರು ಎರಡು ಬಗೆಯಲ್ಲಿದೆ. ಒದ್ದೆ ಟವೆಲ್ಲನ್ನು ನೆನೆಸಿಕೊಳ್ಳಿ. ಹಿಂಡಿದರೆ ಒಂದಷ್ಟು ನೀರು ದಳದಳ ಸುರಿಯುತ್ತದೆ. ಎಷ್ಟು ಹಿಂಡಿದರೂ ಒಂದಷ್ಟು ನೂಲಿಗೇ ಅಂಟಿಕೊಂಡು ಉಳಿಯುತ್ತದೆ. ಮರದ ಜೀವಕೋಶಗಳ ಟೊಳ್ಳಿನಲ್ಲಿರುವುದು ಮೊದಲಿನ ಬಗೆಯ ನೀರು. ಅದು ಹೋದರೆ ಮರ ಹಗುರಾಗುತ್ತದೆ, ಆಕಾರ ಬದಲಾಗುವುದಿಲ್ಲ. ಕೋಶದ ಗೋಡೆಗೇ ಅಂಟಿದ್ದು ಎರಡನೆಯ ಬಗೆ. ತೇವಾಂಶ ಶೇ 28-30ಕ್ಕಿಂತ ಕೆಳಗಿಳಿದಾಗ ಈ ನೀರು ಹೊರಡತೊಡಗುತ್ತದೆ, ಮರ ಕುಗ್ಗುವುದೂ ಆಗಲೇ. (ಈ ಶೇಕಡ ಲೆಕ್ಕ ಪೂರ್ತಿ ಒಣಗಿದ ಮರದ ತೂಕದ ಮೇಲೆ ಹಾಕುವುದರಿಂದ, ಕೆಲವು ಹಸಿ ಮರಗಳ ತೇವಾಂಶ ಶೇ 100 ದಾಟುವುದೂ ಉಂಟು. ಮೊದಲ ಸಲ ಓದಿದಾಗ ಅಚ್ಚಿನ ತಪ್ಪು ಅಂದುಕೊಂಡಿದ್ದೆ.)

ಕುಗ್ಗುವುದಾದರೂ ಎಲ್ಲ ದಿಕ್ಕಿಗೆ ಒಂದೇ ಸಮ ಕುಗ್ಗಿದ್ದರೆ ಬಡಗಿಗೆ ತಲೆನೋವಿರಲಿಲ್ಲ. ತೇಗ ಪೂರ್ತಿ ಒಣಗಿದರೆ ವರ್ಷದ ಉಂಗುರಗಳ ಗುಂಟ ಶೇ 5.8ರಷ್ಟು, ಉಂಗುರಗಳಿಗೆ ಅಡ್ಡಲಾಗಿ ಶೇ 2.5ರಷ್ಟು ಕುಗ್ಗುತ್ತದೆ, ಉದ್ದಕ್ಕೆ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಅದೂ ತೇಗ ಸಾಧು ಜಾತಿಯ ಮರ ಎಂಬ ಕಾರಣಕ್ಕೆ ಇಷ್ಟರಲ್ಲೇ ನಿಂತಿದೆ. ಹಲಗೆ ಸೊಟ್ಟಗಾಗುವುದು, ದೋಣಿಯಂತೆ ಬಾಗುವುದು, ತಿರುಚಿಕೊಳ್ಳುವುದು ಎಲ್ಲದರ ಮೂಲ ದಿಕ್ಕು ದಿಕ್ಕಿನ ಈ ಜಗಳದಲ್ಲಿದೆ.

ಒಳಗಿಗೂ ಹೊರಗಿಗೂ ಇನ್ನೊಂದು ಜಗಳ. ಹಪ್ಪಳವನ್ನು ಉರಿಬಿಸಿಲಿಗೆ ಹಾಕಿದರೆ ಅಂಚು ಮೇಲೆದ್ದು ಬಿರಿಯುತ್ತದೆಂದು ಅಜ್ಜಿಯರು ತೆಳು ಪಂಚೆ ಹೊದಿಸುತ್ತಿದ್ದರು. ಹಲಗೆಯ ಸಿಪ್ಪೆಯೂ ಮೊದಲು ಒಣಗಿ ಕುಗ್ಗಲು ಹೊರಡುತ್ತದೆ, ಹಸಿಯಾಗಿರುವ ಹೊಟ್ಟೆ ಬಿಡುವುದಿಲ್ಲ. ಆಗ ಮೈಮೇಲೆ ಬಿರುಕು. ಕೆಲವು ಸಲ ಮೈ ನುಣ್ಣಗಿದ್ದು, ಒಳಗೆ ಜೇನುಗೂಡಿನಂತೆ ಸೀಳಿರುತ್ತದೆ, ಕೊಯ್ದಾಗಲೇ ಗೊತ್ತಾಗುವುದು. ಅದಕ್ಕೇ ಮಾಮೂಲಿ ಒಣಗುಕೋಣೆಗಳಲ್ಲಿ ಬಿಸಿಗಾಳಿಯ ಜೊತೆ ಹಬೆಯನ್ನೂ ಬಿಡುತ್ತಾರೆ. ಒಣಗಿಸಲು ಒದ್ದೆ ಮಾಡುವುದು ಹುಚ್ಚಾಟದಂತೆ ಕಂಡರೂ ಅದು ಅಜ್ಜಿಯ ಪಂಚೆಯೇ. ಮರವನ್ನು ಎಷ್ಟು ಅವಸರಪಡಿಸಬಹುದು ಎಂಬ ಲೆಕ್ಕವನ್ನು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ 1910ರಲ್ಲಿ ಶುರುವಾದ ಸರ್ಕಾರಿ ಅರಣ್ಯ ಉತ್ಪನ್ನ ಪ್ರಯೋಗಾಲಯ ಮರಮರಕ್ಕೂ ಬರೆದಿಟ್ಟಿದೆ. ಅಲ್ಲಿನ ಕೆಂಪು ಓಕ್ ಮರದ ಒಂದು ಇಂಚಿನ ಹಲಗೆ ದಿನಕ್ಕೆ ಶೇ 3.8ಕ್ಕಿಂತ ಹೆಚ್ಚು ತೇವಾಂಶ ಕಳೆದುಕೊಂಡರೆ ಬಿರುಕಿನ ಭಯ. ಎರಡು ಇಂಚಾದರೆ ಶೇ 1.5. ದಪ್ಪ ಇಮ್ಮಡಿಯಾದರೆ ತಾಳ್ಮೆ ಇಮ್ಮಡಿಯಾದರೆ ಸಾಲದು ಎಂದಾಯಿತು.

ನಿರ್ವಾತ ಒಣಗುಕೋಣೆ, ಅಂದರೆ ವ್ಯಾಕ್ಯೂಮ್ ಕಿಲ್ನ್, ಈ ಲೆಕ್ಕವನ್ನೇ ಬುಡಮೇಲು ಮಾಡುತ್ತದೆ.

ಕೇದಾರನಾಥಕ್ಕೆ ಹೋಗಿಬಂದವರನ್ನು ಕೇಳಿ, ಅಲ್ಲಿ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಸತಾಯಿಸುತ್ತದೆ. ಗಾಳಿಯ ಒತ್ತಡ ಕಡಿಮೆ, ನೀರು 88 ಡಿಗ್ರಿಗೇ ಕುದಿದು ಹಾರಿಹೋಗುತ್ತದೆ. ಅದಕ್ಕೆ ಮದ್ದಾಗಿ ನಾವು ಕುಕ್ಕರಿನಲ್ಲಿ ಒತ್ತಡ ಏರಿಸುತ್ತೇವೆ. ಕಿಲ್ನ್ ಇದರ ಉಲ್ಟಾ ಕುಕ್ಕರು. ಉಕ್ಕಿನ ಭದ್ರ ಕೋಣೆಯೊಳಗೆ ಹಲಗೆ ತುಂಬಿ, ಬಾಗಿಲು ಬಿಗಿದು, ಪಂಪಿನಿಂದ ಗಾಳಿಯನ್ನು ಎಳೆದುಬಿಡುತ್ತಾರೆ. ಒತ್ತಡ ಹತ್ತರಲ್ಲೊಂದಕ್ಕೆ ಇಳಿದರೆ ನೀರು 46 ಡಿಗ್ರಿಗೆ ಕುದಿಯುತ್ತದೆ. ಇಪ್ಪತ್ತರಲ್ಲೊಂದಕ್ಕೆ ಇಳಿದರೆ 33ಕ್ಕೆ. ಅದು ರಾಯಚೂರಿನ ಬೇಸಿಗೆಗಿಂತ ತಂಪು. ಮರ ಬೇಯುವುದಿಲ್ಲ, ಒಳಗಿನ ನೀರು ಮಾತ್ರ ಆವಿಯಾಗುತ್ತದೆ. ಒಳಗೆ ಆವಿಯ ಒತ್ತಡ ಹೆಚ್ಚು, ಹೊರಗೆ ಖಾಲಿ. ಹಾಗಾಗಿ ಹೊಟ್ಟೆಯಿಂದ ಸಿಪ್ಪೆಯವರೆಗೆ ನಿಧಾನ ಇಂಗಿ ಬರುವ ಬದಲು ಆವಿ ತಾನೇ ನುಗ್ಗಿಕೊಂಡು ಹೊರಬರುತ್ತದೆ. ಬೇರಿನಿಂದ ಎಲೆಗೆ ನೀರು ಸಾಗಿಸುತ್ತಿದ್ದ ಕೊಳವೆಗಳೇ ಈಗ ಹೊರದಾರಿ; ಹಲಗೆಯ ತುದಿಗಳಿಂದ ಬಹಳಷ್ಟು ನೀರು ಹೋಗುತ್ತದೆ, ತುಂಡು ಗಿಡ್ಡವಿದ್ದಷ್ಟೂ ಬೇಗ. ಮಾಮೂಲಿ ಕೋಣೆಯಲ್ಲಿ ತಿಂಗಳುಗಟ್ಟಲೆ ಕೂರುವ ದಪ್ಪ ಓಕ್ ಇಲ್ಲಿ ವಾರಗಳಲ್ಲಿ ಹೊರಬರುತ್ತದೆ.

ಇಷ್ಟು ಸುಲಭವಾದರೆ ಎಲ್ಲ ಸಾಮಿಲ್ಲಿನಲ್ಲೂ ಒಂದೊಂದು ಇರಬೇಕಿತ್ತಲ್ಲ? ತೊಡಕು ನಮ್ಮ ಕಾಫಿ ಫ್ಲಾಸ್ಕಿನಲ್ಲಿದೆ. ಫ್ಲಾಸ್ಕಿನ ಎರಡು ಗೋಡೆಗಳ ನಡುವೆ ಗಾಳಿಯಿಲ್ಲದ್ದರಿಂದಲೇ ಕಾಫಿ ಬಿಸಿಯಾಗಿ ಉಳಿಯುವುದು. ನಿರ್ವಾತದಲ್ಲಿ ಶಾಖ ಸುಲಭವಾಗಿ ದಾಟುವುದಿಲ್ಲ. ಆದರೆ ನೀರು ಆವಿಯಾಗಲು ಶಾಖ ಬೇಕೇ ಬೇಕು, ಕಡಿಮೆ ಒತ್ತಡದಲ್ಲಿ ಕುದಿದರೂ ಅದರ ಬೇಡಿಕೆ ಕಡಿಮೆಯಾಗುವುದಿಲ್ಲ. ಲೀಟರಿಗೆ ಸುಮಾರು 2,400 ಕಿಲೋಜೂಲ್. ಕೊಡದಿದ್ದರೆ ಮರ ತಣ್ಣಗಾಗಿ ಕೆಲಸ ನಿಂತೇ ಹೋಗುತ್ತದೆ. ನೀರನ್ನು ಹೊರಡಿಸಲು ಸೃಷ್ಟಿಸಿದ ಶೂನ್ಯವೇ ಶಾಖಕ್ಕೆ ಅಡ್ಡಗಾಲು. ಈ ತಂತ್ರದ ಇತಿಹಾಸವೆಲ್ಲ ಈ ಒಂದು ಗಂಟನ್ನು ಬಿಡಿಸುವ ಇತಿಹಾಸ. ಕೆಲವರು ಹಲಗೆಗಳ ನಡುವೆ ಬಿಸಿನೀರು ಹರಿಯುವ ಅಲ್ಯೂಮಿನಿಯಂ ತಟ್ಟೆಗಳನ್ನಿಡುತ್ತಾರೆ, ದೋಸೆ ಕಾವಲಿಯ ಹಾಗೆ ಮುಟ್ಟಿಯೇ ಬಿಸಿ. ಕೆಲವರು ಒಮ್ಮೆ ಬಿಸಿಗಾಳಿ, ಒಮ್ಮೆ ನಿರ್ವಾತ ಎಂದು ಸರದಿ ಹಾಕುತ್ತಾರೆ. ರೇಡಿಯೋ ತರಂಗ ಹಾಯಿಸಿ ಮರದೊಳಗಿನ ನೀರನ್ನೇ ನೇರ ಕಾಯಿಸುವುದು ಇನ್ನೊಂದು ದಾರಿ. ಅದು ಚೆನ್ನ, ಆದರೆ ಕರೆಂಟ್ ಬಿಲ್ಲು ನೋಡಬಾರದು.

ಕಾವಲಿ ಮಾದರಿಯ ಕೆಲವು ಕೋಣೆಗಳಿಗೆ ಮಾಡೇ ಇಲ್ಲ, ದಪ್ಪ ರಬ್ಬರ್ ಹೊದಿಕೆ ಅಷ್ಟೇ. ಗಾಳಿ ಎಳೆದಾಗ ಹೊರಗಿನ ವಾತಾವರಣ ಆ ರಬ್ಬರನ್ನು ಹಲಗೆಗಳ ಮೇಲೆ ಒತ್ತುತ್ತದೆ, ಒಂದು ಚದರ ಮೀಟರಿಗೆ ಒಂಬತ್ತು ಟನ್ನಿನಷ್ಟು. ಒಂದು ಕಾಸಿನ ಯಂತ್ರವಿಲ್ಲದೆ, ಆಕಾಶವೇ ಬಂದು ಹಲಗೆ ಸೊಟ್ಟಗಾಗದಂತೆ ಮೇಲೆ ಕುಳಿತ ಹಾಗೆ. ಈ ಇಡೀ ಕಸುಬಿನಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ.

ಗಾಳಿಯಿಲ್ಲ, ಕಾವು ಕಡಿಮೆ; ಹಾಗಾಗಿ ತಿಳಿ ಬಣ್ಣದ ಮರಗಳು ಕಂದದೆ ಉಳಿಯುತ್ತವೆ. ಆದರೂ ಎಲ್ಲಕ್ಕೂ ಇದು ಬೇಕಿಲ್ಲ ಎಂದೇ ನನ್ನ ಅನಿಸಿಕೆ. ಕೋಣೆ ಚಿಕ್ಕದು, ಯಂತ್ರ ದುಬಾರಿ. ಚನ್ನಪಟ್ಟಣದ ಬೊಂಬೆಗೆ ಬೇಕಾದ ಆಲೆ ಮರದ ಗಿಡ್ಡ ತುಂಡು ನೆರಳಿನಲ್ಲೇ ಒಣಗಿಕೊಳ್ಳುತ್ತದೆ. ವೀಣೆಯ ಕೊಡಕ್ಕೆ ಕೊರೆಯುವ ಹಲಸಿನಂಥ ದಪ್ಪ, ಬೆಲೆಬಾಳುವ ದಿಮ್ಮಿಗೆ ಈ ಉಪಚಾರ ಸಲ್ಲುತ್ತದೆ. ಇಷ್ಟು ಕಡಿಮೆ ಕಾವಿಗೆ ಕುಟ್ಟೆ ಹುಳ ಸತ್ತೇ ಸಾಯುತ್ತದೆಂದು ನಂಬುವಂತಿಲ್ಲ. ಪ್ಯಾಕಿಂಗ್ ಮರಕ್ಕೆ ಅಂತರರಾಷ್ಟ್ರೀಯ ನಿಯಮ ಕೇಳುವುದು ತಿರುಳಿನವರೆಗೆ 56 ಡಿಗ್ರಿ, 30 ನಿಮಿಷ. ಅದನ್ನು ಬೇರೆಯಾಗಿಯೇ ಮಾಡಬೇಕು.

ಒಣಗಿದ ಮೇಲೂ ಮರ ಸುಮ್ಮನಿರುವುದಿಲ್ಲ. ಮಂಗಳೂರಿನ ಮಳೆಗಾಲದ ಗಾಳಿಗೆ ಬಿಟ್ಟ ಹಲಗೆ ಶೇ 17ರ ಆಸುಪಾಸಿಗೆ ಬಂದು ನಿಲ್ಲುತ್ತದೆ, ಕಲಬುರಗಿಯ ಏಪ್ರಿಲ್‌ನಲ್ಲಿ ಶೇ 7ಕ್ಕಿಳಿಯಬಹುದು. ಒಂದಡಿ ಅಗಲದ ತೇಗದ ಹಲಗೆ ಈ ಎರಡರ ನಡುವೆ ಐದಾರು ಮಿಲಿಮೀಟರ್ ಆಡುತ್ತದೆ. ಅದಕ್ಕೇ ಭಾರತೀಯ ಮಾನಕ ಸಂಸ್ಥೆ ದೇಶವನ್ನು ಗಾಳಿಯ ತೇವದ ಪ್ರಕಾರ ನಾಲ್ಕು ವಲಯ ಮಾಡಿ, ಯಾವ ಊರಿನ ಬಾಗಿಲಿಗೆ ಎಷ್ಟು ಒಣಗಿದ ಮರ ಎಂದು ಬರೆದಿಟ್ಟಿರುವುದು. ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲಿ 1988ರಿಂದ ಈಗಿನ ಹೆಸರಿನಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ಮುಂದೆ ಹಾದುಹೋಗುವ ನಮ್ಮಲ್ಲಿ ಎಷ್ಟು ಜನ ಒಳಗೆ ಇಂಥವೇ ಪ್ರಶ್ನೆಗಳು ನಡೆಯುತ್ತವೆಂದು ಯೋಚಿಸಿದ್ದೇವೆ?

ಕೋಣೆಯೊಳಗೆ ಏನಾಗುತ್ತಿದೆ ಎಂದು ನಡೆಸುವವರು ಬಾಗಿಲು ತೆಗೆದು ನೋಡುವಂತಿಲ್ಲ. ಅವರು ನೋಡುವುದು ನೀರನ್ನು. ಎಳೆದ ಆವಿಯನ್ನು ತಣ್ಣಗೆ ಮಾಡಿ ಮತ್ತೆ ನೀರಾಗಿಸಿ ಹೊರಗೆ ಬಿಡುತ್ತಾರೆ. ಒಂದು ಘನ ಮೀಟರ್ ಹಲಗೆ, ಒಣ ತೂಕ 600 ಕಿಲೋ ಎಂದಿಟ್ಟುಕೊಳ್ಳಿ. ಶೇ 60ರಿಂದ 10ಕ್ಕೆ ಇಳಿಸಿದರೆ ಹೊರಬರುವುದು 300 ಲೀಟರ್, ಡಾಂಬರಿನ ಡ್ರಮ್ಮಿನಲ್ಲಿ ಒಂದೂವರೆ. ಮೊದಲ ದಿನಗಳಲ್ಲಿ ನಲ್ಲಿಯಂತೆ, ಆಮೇಲೆ ಹನಿಹನಿ. ಹನಿಯ ನಡುವಿನ ಅಂತರ ಎಣಿಸುತ್ತ, ಇನ್ನೆಷ್ಟು ದಿನ ಎಂದು ಅವರು ಅಂದಾಜು ಕಟ್ಟುತ್ತಾರೆ. ನಮ್ಮ ಮೇಜಿನ ಪಾಲಿನ ನೀರು ಮಾತ್ರ ಯಾವ ಡ್ರಮ್ಮಿಗೂ ಬೀಳದೆ, ನಮ್ಮ ಊಟದ ಕೋಣೆಯ ಗಾಳಿಯಲ್ಲೇ ಹೋಯಿತು.