177 ವರ್ಷ ಕಪಾಟಿನಲ್ಲಿದ್ದ ದೈತ್ಯ ನೈದಿಲೆ ‘ಹೊಸ ಪ್ರಭೇದ’ ಆಗಿದ್ದು ಹೇಗೆ?

ಕೊಳದ ಮೇಲೆ ತೇಲುವ ದೊಡ್ಡ ತಟ್ಟೆಯಂಥ ಎಲೆ, ಅದರ ಮೇಲೆ ಕುಳಿತ ಮಗು. ಇಂಥ ಫೋಟೋ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಎಲೆ ನಿಜವೇ. ಅದು ದಕ್ಷಿಣ ಅಮೆರಿಕದ ವಿಕ್ಟೋರಿಯಾ ಎಂಬ ನೈದಿಲೆ (ತಾವರೆಯಲ್ಲ, ತಾವರೆಯ ಕುಟುಂಬವೇ ಬೇರೆ). ಇದರಲ್ಲಿ ಎರಡೇ ಪ್ರಭೇದಗಳಿವೆ ಎಂದು ಬಹುಕಾಲ ನಂಬಲಾಗಿತ್ತು. 2022ರ ಜುಲೈನಲ್ಲಿ ಮೂರನೆಯದು ಸೇರಿತು: ವಿಕ್ಟೋರಿಯಾ ಬೊಲಿವಿಯಾನಾ.

ಹಾಗಾದರೆ ಯಾರೂ ಕಾಣದ ಗಿಡ ಕಾಡಿನಲ್ಲಿ ಸಿಕ್ಕಿತೇ? ಇಲ್ಲ. ಬೊಲಿವಿಯಾದಲ್ಲಿ 1845ರಲ್ಲಿ ಸಂಗ್ರಹಿಸಿ ಒಣಗಿಸಿದ ಇದರ ಮಾದರಿ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಸಂಗ್ರಹದಲ್ಲಿ 177 ವರ್ಷ ಇತ್ತು, ಬೇರೆ ಪ್ರಭೇದದ ಹೆಸರಿನಲ್ಲಿ! ಬೊಲಿವಿಯಾದ ರಾಷ್ಟ್ರೀಯ ಸಂಗ್ರಹದಲ್ಲೂ 34 ವರ್ಷ ಇತ್ತು. ವಿಜ್ಞಾನದಲ್ಲಿ ‘ಹೊಸದು’ ಎಂದರೆ ಈವರೆಗೆ ಪ್ರತ್ಯೇಕವಾಗಿ ವಿವರಿಸಿ ಹೆಸರಿಡದೇ ಇದ್ದದ್ದು ಎಂದಷ್ಟೇ ಅರ್ಥ. ಅದು ಬೆಳೆಯುವ ಊರಿನವರಿಗೆ ಅದು ಯಾವತ್ತೂ ಹೊಸದಲ್ಲ.

ಇಷ್ಟು ದಿನ ಗೊತ್ತಾಗದ್ದಕ್ಕೆ ಗಿಡವೇ ಒಂದು ಕಾರಣ. ಮೂರು ಮೀಟರ್ ಅಗಲದ, ಅಡಿಯಲ್ಲೆಲ್ಲ ಮುಳ್ಳಿರುವ ಎಲೆಯನ್ನು ಕಾಗದದ ನಡುವೆ ಒತ್ತಿ ಒಣಗಿಸುವುದು ಸುಲಭವೇ? ಹೀಗಾಗಿ ಹೋಲಿಸಿ ನೋಡಲು ಸಿಕ್ಕ ಮಾದರಿಗಳೇ ಕಡಿಮೆ.

ಕ್ಯೂನ ತೋಟಗಾರಿಕಾ ತಜ್ಞ ಕಾರ್ಲೊಸ್ ಮ್ಯಾಗ್ಡಲೆನಾ ಅವರಿಗೆ ಮೊದಲಿನಿಂದಲೂ ಅನುಮಾನವಿತ್ತು. 2016ರಲ್ಲಿ ಬೊಲಿವಿಯಾದ ಎರಡು ಉದ್ಯಾನಗಳು ಬೀಜ ಕೊಟ್ಟವು. ಅವನ್ನು ಬಿತ್ತಿ, ಉಳಿದೆರಡು ಪ್ರಭೇದಗಳ ಪಕ್ಕದಲ್ಲೇ ಬೆಳೆಸಿದರು. ಒಂದೇ ಜಾಗದಲ್ಲಿ ಬೆಳೆದರೂ ಬೀಜ ಬೇರೆ, ಮುಳ್ಳುಗಳ ಹಂಚಿಕೆ ಬೇರೆ. ಹೂ ಅರಳುವುದು ರಾತ್ರಿ, ಆದ್ದರಿಂದ ಸಸ್ಯಚಿತ್ರಗಳನ್ನು ಬರೆಯುವ ಲೂಸಿ ಸ್ಮಿತ್ ರಾತ್ರಿ ಹೊತ್ತು ಗಾಜಿನಮನೆಗೆ ಹೋಗಿ ಚಿತ್ರ ಬರೆದರು. ಡಿಎನ್‌ಎ ಪರೀಕ್ಷೆಯೂ ಅದನ್ನೇ ಹೇಳಿತು: ಇದು ತನ್ನ ಹತ್ತಿರದ ಬಂಧು ವಿಕ್ಟೋರಿಯಾ ಕ್ರೂಜಿಯಾನಾದಿಂದ ಸುಮಾರು 10 ಲಕ್ಷ ವರ್ಷಗಳ ಹಿಂದೆಯೇ ಕವಲೊಡೆದಿದೆ.

ಬೊಲಿವಿಯಾದ ಲಾ ರಿಂಕೊನಾಡಾ ಉದ್ಯಾನದಲ್ಲಿ ಇದರ ಎಲೆ 3.2 ಮೀಟರ್, ಅಂದರೆ ಹತ್ತೂವರೆ ಅಡಿ ಅಗಲ ಬೆಳೆದಿದೆ. ನೈದಿಲೆಗಳಲ್ಲಿ ಇದೇ ಅತಿ ದೊಡ್ಡದು.

ಹೆಸರಿಟ್ಟರೆ ಏನು ಲಾಭ ಎನ್ನಬಹುದು. ಪ್ರಭೇದವೆಂದು ಗುರುತಿಸದ ಗಿಡ ಅಳಿವಿನಂಚಿನಲ್ಲಿದೆಯೇ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಬೊಲಿವಿಯಾನಾ ಬೇರೆಯವರ ಹೆಸರಿನಲ್ಲಿದ್ದಷ್ಟು ಕಾಲ, ಅದು ಬೊಲಿವಿಯಾದ ಜೌಗು ನೆಲದಿಂದ ಕಣ್ಮರೆಯಾಗಿದ್ದರೂ ದಾಖಲೆಯಲ್ಲಿ ಏನೂ ಕಳೆದಂತೆ ಕಾಣುತ್ತಿರಲಿಲ್ಲ.

ಇನ್ನು ಆ ಫೋಟೋ: ಮಗು ಕುಳಿತ ಎಲೆ ಮೂರರಲ್ಲಿ ಯಾವುದಾದರೂ ಆಗಿರಬಹುದು. ‘ಹೊಸದಾಗಿ ಪತ್ತೆಯಾದ ಗಿಡ’ ಎಂಬ ಸಾಲು ಕೆಳಗಿದ್ದರೆ, ಬರೀ ಫೋಟೋ ನೋಡಿ ಅದನ್ನು ನಂಬಲಾಗದು.